ಕೋಮಲಾಳ ಜೇಬಿನ ಫ್ಯೂಜು

ಮೊದಲೇ ಹೇಳಿಬಿಡುತ್ತೇನೆ, ಕೋಮಲಾಳನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಕೊಟ್ಟೂರಿನಲ್ಲಿ ಇಪ್ಪತ್ತಾರು ವರ್ಷದಿಂದ ಮನೆಗಳಿಗೆ ವೈರಿಂಗ್ ಮಾಡಿದವನು ನಾನು, ಯರ್ರೆಪ್ಪ. ಹಾಕಿದ ಪ್ರತಿ ಬೋರ್ಡಿನ ಒಳಗಡೆ ಪೆನ್ನಿನಲ್ಲಿ ನನ್ನ ಹೆಸರು ಬರೆದಿದ್ದೇನೆ. ನಿನ್ನೆ ಮೊನ್ನೆ ಬಂದ ಈ ಹುಡುಗಿಯ ಫೋನಿಗೆ ಪುರುಸೊತ್ತಿಲ್ಲ. ನನ್ನ ಫೋನಿಗೆ ಬರುವುದು ರೀಚಾರ್ಜ್ ಮುಗಿಯಿತೆಂಬ ಮೆಸೇಜು ಮಾತ್ರ.

ಅವಳು ಹಾಸ್ಟೆಲಿನಲ್ಲಿ ಅಡುಗೆ ಮಾಡುವ ಮಾರೆಮ್ಮನ ಮಗಳು. ದಿನಾ ಹರಪನಹಳ್ಳಿಗೆ ಬಸ್ಸಿನಲ್ಲಿ ಓಡಾಡಿ ಎಲೆಕ್ಟ್ರಿಷಿಯನ್ ಐಟಿಐ ಮುಗಿಸಿದಳು. ಕಲಿಯುವಾಗ ಯಾರದೋ ಮನೆಯಲ್ಲಿ ಪ್ಲಗ್ ಬಿಚ್ಚಿ ಕೂತಿದ್ದಾಗ, ಧಾರಾವಾಹಿಗೆ ಹೊತ್ತಾಯಿತೆಂದು ಆ ಮನೆಯ ಅಜ್ಜಿ ಮೇನ್ ಹಾಕಿಬಿಟ್ಟಳಂತೆ. ಕೋಮಲಾಳ ಎರಡು ಬೆರಳ ತುದಿ ಸುಟ್ಟವು. ಅಂದಿನಿಂದ ಮೇನ್ ಆಫ್ ಮಾಡಿ, ಫ್ಯೂಜ್ ಕಿತ್ತು ಜೇಬಿಗೆ ಹಾಕಿಕೊಂಡೇ ಅವಳು ಸ್ಕ್ರೂ ಬಿಚ್ಚುವುದು. ಜನಕ್ಕೆ ಇದೇ ದೊಡ್ಡ ಸಂಗತಿ. ಕರೆಂಟು ಇದ್ದ ಹಾಗೇ ಬರಿಗೈಯಲ್ಲಿ ಕೆಲಸ ಮಾಡಿದ ನನ್ನನ್ನು ಯಾರೂ ಹೊಗಳಲಿಲ್ಲ.

ನೀಲಗಂಗಮ್ಮನವರ ಮನೆಯ ವೈರಿಂಗ್ ನನ್ನದೇ. ಫ್ರಿಜ್ ಮುಟ್ಟಿದರೆ ಜುಮ್ ಎನ್ನುತ್ತದೆ ಎಂದು ಎರಡು ಸಲ ಕರೆಸಿದ್ದರು. ಟೆಸ್ಟರ್ ಇಟ್ಟರೆ, ಒಂದೇ ತೂತಿನಲ್ಲಿ ಉರಿಯಬೇಕಾದದ್ದು ಪ್ಲಗ್ಗಿನ ಎರಡೂ ತೂತಿನಲ್ಲಿ ಉರಿಯಿತು. ನನಗೆ ತಿಳಿಯಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಲೈನಿನ ಕರೆಂಟೇ ಸರಿಯಿಲ್ಲ ಅಂದೆ, ಚಪ್ಪಲಿ ಹಾಕಿಕೊಂಡು ಫ್ರಿಜ್ ತೆಗೆಯಿರಿ ಅಂದೆ. ಅಡುಗೆಮನೆಯಲ್ಲಿ ಚಪ್ಪಲಿಯೇ? ಆಯಮ್ಮ ಊಟಕ್ಕೆ ಕೂರುವ ಮಣೆಯನ್ನು ಫ್ರಿಜ್ಜಿನ ಮುಂದಿಟ್ಟು, ಅದರ ಮೇಲೆ ನಿಂತು ಹಾಲು ತೆಗೆಯತೊಡಗಿದರು.

ಸೊಸೆ ಅರ್ಚನಾ ಏಳು ತಿಂಗಳ ಬಸುರಿ. ಒಂದು ಬೆಳಿಗ್ಗೆ ಮಣೆ ಮರೆತು, ಒದ್ದೆ ಕಾಲಲ್ಲಿ ಫ್ರಿಜ್ಜಿನ ಬಾಗಿಲಿಗೆ ಕೈ ಹಾಕಿದವಳು ಕಿರುಚಿ ಹಿಂದಕ್ಕೆ ಬಿದ್ದಳು. ಪುಣ್ಯಕ್ಕೆ ತಾಯಿಗೂ ಹೊಟ್ಟೆಯಲ್ಲಿದ್ದ ಕೂಸಿಗೂ ಏನೂ ಆಗಲಿಲ್ಲ. ಅವತ್ತೇ ಕೋಮಲಾಳನ್ನು ಕರೆಸಿದರು.

ಸುದ್ದಿ ಕೇಳಿ ನಾನೂ ಹೋದೆ. ಅರ್ಚನಾಳನ್ನು ಮಾತಾಡಿಸಲು ಬಂದೆ ಎಂದೆ. ಸುಳ್ಳು. ಕೋಮಲಾ ಸೋಲುವುದನ್ನು ನೋಡಬೇಕಿತ್ತು.

ಅವಳು ಅವಸರ ಮಾಡಲಿಲ್ಲ. ಕರೆಂಟಿರುವ ಪ್ಲಗ್ಗಿನಲ್ಲಿ ಟೆಸ್ಟರ್ ಇಟ್ಟು ಮೊದಲು ಟೆಸ್ಟರೇ ಸರಿಯಿದೆಯೇ ನೋಡಿದಳು, ಮೀಟರಿನಲ್ಲಿ ಅಳೆದಳು. ಮೇನ್ ಆಫ್ ಮಾಡಿ ಫ್ಯೂಜನ್ನು ಜೇಬಿಗಿಳಿಸಿ, ಮತ್ತೆ ಟೆಸ್ಟರ್ ಇಟ್ಟು ಕರೆಂಟು ಹೋಗಿದೆ ಎಂದು ಖಾತ್ರಿ ಮಾಡಿಕೊಂಡಳು. ಆಮೇಲೆ ಫ್ರಿಜ್ಜಿನ ಬೋರ್ಡ್ ಬಿಚ್ಚಿದಳು. ಕರೆಂಟು ವಾಪಸು ಹೋಗುವ ನ್ಯೂಟ್ರಲ್ ತಂತಿ ಸಡಿಲವಾಗಿ ಕಪ್ಪಗಾಗಿತ್ತು. ಅದರಿಂದ ಅರ್ಥಿನ ಸ್ಕ್ರೂವಿಗೆ ಒಂದು ಗೇಣು ಕೆಂಪು ತಂತಿಯ ತುಂಡು. ಹಿತ್ತಲಲ್ಲಿ ಅರ್ಥಿನ ಗುಂಡಿ ತೋಡಲು ಬೇಸರವಾಗಿ ನಾನೇ ಹಾಕಿದ್ದ ತುಂಡು ಅದು. ನ್ಯೂಟ್ರಲ್ ಸಡಿಲವಾದಾಗಲೆಲ್ಲ ಕರೆಂಟು ಆ ತುಂಡಿನ ಮೂಲಕ ಫ್ರಿಜ್ಜಿನ ಮೈಗೇ ಬರುತ್ತಿತ್ತು.

ಬೋರ್ಡಿನ ಒಳಗೆ ನನ್ನ ಹೆಸರು ಅಳಿಸದೆ ಇತ್ತು. ಅವಳು ಓದಿದಳು. ಗಟ್ಟಿಯಾಗಿ ಓದುತ್ತಾಳೆ ಎಂದುಕೊಂಡೆ. ಅವಳು ನೀಲಗಂಗಮ್ಮನವರಿಗೆ ಒಳಗಿನ ತಂತಿ ಸರಿಯಿಲ್ಲ, ಇವತ್ತೇ ಸರಿಮಾಡುತ್ತೇವೆ ಎಂದಷ್ಟೇ ಹೇಳಿದಳು. ಅವರು ಆಚೆ ಹೋದ ಮೇಲೆ ಜೇಬಿನಿಂದ ಫ್ಯೂಜ್ ತೆಗೆದು ನನ್ನ ಕೈಗಿಟ್ಟಳು.

"ಕಾಕಾ, ಇದನ್ನ ನೀವು ಇಟ್ಕೊಳ್ರಿ. ಆ ತುಂಡು ನೀವ ಬಿಚ್ರಿ," ಅಂದಳು. ನಾನು ಬಿಚ್ಚಿದ ಮೇಲೆ ಮೆಲ್ಲಗೆ ಕೇಳಿದಳು, "ಇಂಥಾವು ಇನ್ನೂ ಎಷ್ಟು ಮನ್ಯಾಗ ಅದಾವ್ರಿ?"

ಬೈದಿದ್ದರೆ ಜಗಳ ಮಾಡಿ ಬರುತ್ತಿದ್ದೆ. ಅವಳಿಗೆ ಆ ದೊಡ್ಡತನ ಎಲ್ಲಿಂದ ಬಂತು ಎಂದು ಅದಕ್ಕೂ ಹೊಟ್ಟೆ ಉರಿಯಿತು. ಅವಳು ನ್ಯೂಟ್ರಲ್ ಹೊಸದಾಗಿ ಬಿಗಿದು, ಶಾಕ್ ಹೊಡೆದರೆ ತಾನೇ ಆಫ್ ಆಗುವ ಸ್ವಿಚ್ ಕೂರಿಸಿದಳು. ನಾನು ಹಿತ್ತಲಲ್ಲಿ ಅರ್ಥಿನ ಗುಂಡಿ ತೋಡಿ ಇದ್ದಿಲು, ಉಪ್ಪು ತುಂಬಿದೆ. ಸಂಜೆ ನೀಲಗಂಗಮ್ಮ ಬರಿಗಾಲಲ್ಲಿ ನಿಂತು ಫ್ರಿಜ್ ತೆಗೆದರು.

ಮರುದಿನ ಗುರುಸಂಗಪ್ಪನವರ ಮನೆಗೆ ಹೋದೆ. ಅಲ್ಲಿನ ಬೋರ್ಡಿನೊಳಗೂ ನನ್ನ ಹೆಸರಿತ್ತು, ಅಂಥದೇ ತುಂಡೂ ಇತ್ತು. ಎಲ್ಲ ಸರಿ ಇರುವಾಗ ಯಾಕೆ ಬಿಚ್ಚುತ್ತೀಯ ಎಂದು ಅವರು ಬಾಗಿಲಲ್ಲೇ ತಡೆದರು. ಆಮೇಲೆ ಏನೋ ಹೊಳೆದವರಂತೆ ಕೇಳಿದರು, "ಆ ಕೋಮಲಾ ಕಳಿಸ್ಯಾಳೇನು?"

"ಹೌದ್ರಿ," ಅಂದೆ.

ದಾರಿ ಬಿಟ್ಟರು. ನಾನು ಮೇನ್ ಆಫ್ ಮಾಡಿ, ಫ್ಯೂಜ್ ಕಿತ್ತು ಜೇಬಿಗೆ ಹಾಕಿಕೊಂಡೆ.