ದೆಹಲಿ ರೇಡಿಯೋದಲ್ಲಿ ನಮ್ಮ ಗೋಳಿಬಜೆ

1990ರ ಏಪ್ರಿಲ್ ತಿಂಗಳು. ಕುವೈತ್‌ನಲ್ಲಿ ಸೆಕೆ ಏರುವ ಮೊದಲಿನ ಕೊನೆಯ ಕ್ರಿಕೆಟ್ ಪಂದ್ಯ. ಅಂದು ಊರಿನವರೆಲ್ಲ ಸೇರಿದ್ದ ಬಯಲಿನಲ್ಲಿ, ಒಬ್ಬರಿಗೆ ಹಾಕಲೆಂದು ನನ್ನ ಕೈಗೆ ಕೊಟ್ಟ ಹಾರವನ್ನು ಹಾಕದೆ ನಾನು ವಾಪಸು ಮನೆಗೆ ತಂದೆ. ಹಾಗೆ ಮಾಡಬಾರದಿತ್ತು ಎಂದು ಎಷ್ಟೋ ಜನ ಬುದ್ಧಿ ಹೇಳಿದ್ದಾರೆ. ನನಗೆ ಹಾಗೆ ಅಂದೂ ಅನಿಸಲಿಲ್ಲ, ಇಂದೂ ಅನಿಸುವುದಿಲ್ಲ.

ಆ ಮನುಷ್ಯ ನಮ್ಮ ಶೇಖರಣ್ಣ. ವಾರವಿಡೀ ಕುವೈತಿನ ರಾಯ್ ಎಂಬ ಪ್ರದೇಶದ ಒಂದು ಕಾರು ಶೋರೂಮಿನಲ್ಲಿ ಸ್ಪೇರ್ ಪಾರ್ಟ್ಸ್ ವಿಭಾಗದ ಗುಮಾಸ್ತರು. ಶುಕ್ರವಾರ ರಜೆ ಬಂತೆಂದರೆ ಕೈಯಲ್ಲಿ ಮೈಕು. ನಾವಿದ್ದ ರಿಗ್ಗೈ ಬಡಾವಣೆಯಲ್ಲಿ ನಮ್ಮ ಬಿಲ್ಡಿಂಗಿನ ಹಿಂದೆ ಒಂದು ಮರಳು ಬಯಲಿತ್ತು. ಅಲ್ಲಿ ರಿಗ್ಗೈಯ ನಮ್ಮವರಿಗೂ ಸಬ್ಹಾನಿನ ಕಾರ್ಮಿಕರ ಕ್ಯಾಂಪಿನ ಹುಡುಗರಿಗೂ ಟೆನಿಸ್ ಬಾಲಿನಲ್ಲಿ ಜಿದ್ದಾಜಿದ್ದಿ. ಎಲ್ಲ ಉಡುಪಿ, ಮಂಗಳೂರು, ಕುಂದಾಪುರ ಕಡೆಯವರೇ. ಶೇಖರಣ್ಣನ ಕಾಮೆಂಟರಿ ಅರ್ಧ ಕನ್ನಡ, ಅರ್ಧ ತುಳು, ಒಗ್ಗರಣೆಗೆ ಸ್ವಲ್ಪ ಅರಬ್ಬಿ. ಪ್ರತಿ ಪಂದ್ಯಕ್ಕೂ ನಾನು ಗೋಳಿಬಜೆ, ಅಂದರೆ ಮೈದಾದ ಗುಂಡು ಬೋಂಡಾ, ಕರಿದು ತರುತ್ತಿದ್ದೆ. ಅದಕ್ಕೇ ಚೆಂಡು ಮೇಲಕ್ಕೆ ಹೋದರೆ “ಎಣ್ಣೆಗೆ ಬಿತ್ತು ಗೋಳಿಬಜೆ!” ಎಂದು ಕೂಗುತ್ತಿದ್ದರು. ಯಾರಾದರೂ ಕ್ಯಾಚ್ ಹಿಡಿದರೆ “ಖಲಾಸ್!” ಅಂದರೆ ಕಥೆ ಮುಗಿಯಿತು ಎಂದು.

ಮರುದಿನ ಅಲ್ಲಿನ ಒಂದು ಇಂಗ್ಲಿಷ್ ಪತ್ರಿಕೆಯಲ್ಲಿ ಅವರು ಬರೆದ ವರದಿ ಬರುತ್ತಿತ್ತು. ಅದನ್ನು ಓದಿ ಹೊರಗಿನವರು ನಗುತ್ತಿದ್ದರು. ಏಕೆಂದರೆ ಶೇಖರಣ್ಣನಿಗೆ ಎಲ್ಲರ ಹೆಸರೂ ಬೇಕು. ರನ್ ಹೊಡೆದವನ ಹೆಸರು, ಸೊನ್ನೆಗೆ ಔಟಾದವನ ಹೆಸರು, ನೀರು ತಂದವನ ಹೆಸರು, ಕಾರಿನೊಳಗೆ ಕುಳಿತು ನೋಡಿದ ಹೆಂಗಸರ ಹೆಸರು. ಕೊನೆಯ ಸಾಲು ಮಾತ್ರ ನನಗೇ ಮೀಸಲು: “ವಾರಿಜಾರ ಗೋಳಿಬಜೆ ಬಿಸಿಯಾಗಿತ್ತು.” ಇಂಗ್ಲಿಷಿನ ನಡುವೆಯೂ ಗೋಳಿಬಜೆ ಎಂದೇ ಬರೆಯುತ್ತಿದ್ದರು. ಹುಡುಗರು ಆ ತುಂಡನ್ನು ಕತ್ತರಿಸಿ ಊರಿಗೆ ಕಳುಹಿಸುತ್ತಿದ್ದರು. ಕಟಪಾಡಿಯಲ್ಲಿ ನಮ್ಮ ಅಮ್ಮ ಪಕ್ಕದ ಟೈಲರ್ ಅಂಗಡಿಯವನ ಹತ್ತಿರ ಅದನ್ನು ಓದಿಸಿ ಕೇಳುತ್ತಿದ್ದಳು.

ಅವರದ್ದು ಒಂದೇ ಒಂದು ಹಟ. ಒಮ್ಮೆ ಮರಳ ಗಾಳಿ ಎದ್ದು ಪಂದ್ಯ ನಿಂತುಹೋಯಿತು. ಹೇಗೂ ನಾವೇ ಗೆಲ್ಲುತ್ತಿದ್ದೆವು, ಗೆದ್ದೆವೆಂದು ಬರೆಯಿರಿ ಎಂದು ನನ್ನ ಗಂಡ ಸದಾನಂದ ಎಷ್ಟು ಗೋಗರೆದರೂ ಶೇಖರಣ್ಣ ಜಗ್ಗಲಿಲ್ಲ. “ಆಡದ ಆಟವನ್ನು ನಾನು ಬರೆಯುವವ ಅಲ್ಲ ಮಾರಾಯ” ಎಂದುಬಿಟ್ಟರು.

ಇಂಥವರಿಗೆ ದೆಹಲಿಯಿಂದ ಕರೆ ಬಂತು. ಇಡೀ ದೇಶಕ್ಕೆ ಕೇಳುವ ರೇಡಿಯೋದಲ್ಲಿ ಸಂಜೆಯ ಇಂಗ್ಲಿಷ್ ಕ್ರೀಡಾ ವಾರ್ತೆ ಓದುವ ಕೆಲಸ. ಶೋರೂಮಿನವರು ಕೇಕ್ ಕತ್ತರಿಸಿದರು. ನಮ್ಮವರಿಗೆ ಮಾತ್ರ ಮೈಯೆಲ್ಲ ಉರಿಯಿತು. ಸಬ್ಹಾನ್ ಹುಡುಗರು ಅವರೊಡನೆ ಮಾತು ಬಿಟ್ಟರು. ಯಾರೋ ಮೈಕನ್ನೇ ಬಚ್ಚಿಟ್ಟರು. “ಇನ್ನು ಅವರು ದೊಡ್ಡ ಜನ” ಎಂದು ಎದುರಿಗೇ ಹಂಗಿಸಿದವರೂ ಇದ್ದರು. ನಮ್ಮ ಅಂಪೈರ್ ಮೂರ್ತಿಯವರು ಮೈಸೂರು ಕಡೆಯ ಇಂಜಿನಿಯರು, ಮರ್ಯಾದಸ್ಥರು. “ಹಂಗೆಲ್ಲ ಮಾಡ್ಬಾರ್ದು ಕಣ್ರೋ, ಚೆನ್ನಾಗಿ ಕಳಿಸಿಕೊಡೋಣ” ಎಂದು ಅವರೇ ಬೀಳ್ಕೊಡುಗೆ ಏರ್ಪಡಿಸಿ, ಹಾರ ತರಿಸಿ ನನ್ನ ಕೈಗೆ ಕೊಟ್ಟರು.

ನಾನು ಹಾರ ಹಿಡಿದು ಎದುರು ನಿಂತೆ. ಶೇಖರಣ್ಣ ತಲೆ ಬಗ್ಗಿಸಿದರು.

“ನಿಲ್ಲಿ ಶೇಖರಣ್ಣ. ಒಂದು ಮಾತು ಕೇಳ್ಲಿಕ್ಕುಂಟು. ಇನ್ನು ನಮ್ಮ ಹೆಸರು ಹೇಳುವವರು ಯಾರು?”

“ಯಾರಾದ್ರೂ ಹೇಳ್ತಾರೆ ವಾರಿಜಾ. ನಂದು ಇನ್ನು ದೇಶಕ್ಕೇ ಕೇಳುವ ರೇಡಿಯೋ ಅಲ್ವಾ? ಅಲ್ಲಿ ದೊಡ್ಡ ದೊಡ್ಡ ಪಂದ್ಯ.”

“ಹಾಗಾದ್ರೆ ನಮ್ದು ಸಣ್ಣ ಪಂದ್ಯವಾ?”

ಅವರು ಬಗ್ಗಿಸಿದ್ದ ತಲೆ ಎತ್ತಿ ಮೂರ್ತಿಯವರತ್ತ ನೋಡಿದರು.

“ಆ ನಿಮ್ಮ ದೊಡ್ಡ ರೇಡಿಯೋದಲ್ಲಿ ಒಂದು ಸಲ ಗೋಳಿಬಜೆ ಅಂತ ಹೇಳಿ ನೋಡುವಾ. ಹೇಳಿದ ದಿನ ಈ ಹಾರ ಹಾಕ್ತೇನೆ.”

“ಹೇಳ್ಲಿಕ್ಕೆ ಬಿಡ್ಬೇಕಲ್ಲ ಮಾರಾಯ್ತಿ” ಎಂದು ನಕ್ಕರು. ಆ ನಗುವಿನಲ್ಲಿ ಜೀವವಿರಲಿಲ್ಲ. ನಾನು ಹಾರವನ್ನು ಚೀಲಕ್ಕೆ ಹಾಕಿ ನಡೆದೆ. ಮೂರ್ತಿಯವರು ಹಣೆ ಚಚ್ಚಿಕೊಂಡರು.

ಆಮೇಲೆ ಪ್ರತಿ ಸಂಜೆ ನಮ್ಮ ಮನೆಯಲ್ಲಿ ದೆಹಲಿ ರೇಡಿಯೋ. ಗರಗರ ಸದ್ದಿನ ನಡುವೆ ಶೇಖರಣ್ಣನ ಸ್ವರ. ಇಸ್ತ್ರಿ ಹಾಕಿದ ಇಂಗ್ಲಿಷು, ಯಾರೋ ಟೆನಿಸ್ ಗೆದ್ದರು, ಯಾರೋ ಹಾಕಿ ಸೋತರು. ನಾನು ಬೈಯುತ್ತ ಕೇಳುತ್ತಿದ್ದೆ. “ಬೈಲಿಕ್ಕಾದ್ರೆ ಯಾಕೆ ಕೇಳುದು?” ಎಂದು ಸದಾನಂದ ಕೇಳಿದರೆ, “ಬೈಲಿಕ್ಕೇ ಕೇಳುದು” ಎನ್ನುತ್ತಿದ್ದೆ. ಊರಿನಲ್ಲಿ ಅಮ್ಮನೂ ಟೈಲರ್ ಅಂಗಡಿಯ ಮೆಟ್ಟಿಲ ಮೇಲೆ ಕುಳಿತು ಅದನ್ನೇ ಕೇಳುತ್ತಿದ್ದಳಂತೆ. ಒಂದಕ್ಷರ ಅರ್ಥವಾಗದಿದ್ದರೂ ಅದು ಮಗಳಿರುವ ಕುವೈತಿನ ಸ್ವರ ಎಂದು.

ಆಗಸ್ಟ್ ಮೊದಲ ವಾರ ಇರಾಕಿನ ಸೈನ್ಯ ಕುವೈತಿಗೆ ನುಗ್ಗಿತು. ಬೆಳಗ್ಗೆ ಎದ್ದು ನೋಡಿದರೆ ನಮ್ಮ ರಸ್ತೆಯ ತುದಿಯಲ್ಲಿ ಟ್ಯಾಂಕು. ಊರಿಗೆ ಫೋನಿಲ್ಲ, ಟಪಾಲಿಲ್ಲ. ಸಬ್ಹಾನ್‌ನಲ್ಲಿ ಸದಾನಂದ ಕೆಲಸ ಮಾಡುತ್ತಿದ್ದ ಕೋಲ್ಡ್ ಸ್ಟೋರೇಜನ್ನು ಸೈನಿಕರು ದೋಚಿ ಗುಡಿಸಿ ಹಾಕಿದರು. ಅವರಿಗೆ ವೀಸಾ ಕೊಟ್ಟು ಕೆಲಸಕ್ಕಿಟ್ಟುಕೊಂಡಿದ್ದ ಕಫೀಲ್ ಎಲ್ಲಿಗೆ ಹೋದನೆಂದು ಯಾರಿಗೂ ಗೊತ್ತಾಗಲಿಲ್ಲ. ಕ್ಯಾಂಪಿನ ಹುಡುಗರು ಬಂದು ನಮ್ಮ ಬಿಲ್ಡಿಂಗಿನಲ್ಲಿ ಸೇರಿಕೊಂಡರು. ಬಿಲ್ಡಿಂಗಿನ ಕೆಳಗೆ ನಿಲ್ಲಿಸಿದ್ದ ಕಾರುಗಳು ಒಂದೊಂದಾಗಿ ಮಾಯವಾದವು.

ಅಕ್ಕಿ ಬೇಳೆ ಹೇಗೋ ಹೊಂದಿಸಿಕೊಂಡೆವು. ನಮ್ಮನ್ನು ತಿಂದದ್ದು ಬೇರೆಯೇ ಚಿಂತೆ. ಊರಿನಲ್ಲಿ ನಾವು ಸತ್ತೇ ಹೋದೆವೆಂದು ತಿಳಿದುಕೊಂಡಿದ್ದರೆ? ಅಮ್ಮನಿಗೆ ನಾನೊಬ್ಬಳೇ ಮಗಳು. ಅವಳು ಊಟ ಬಿಟ್ಟಿರುತ್ತಾಳೆಂದು ನನಗೆ ಖಂಡಿತ ಗೊತ್ತಿತ್ತು. ನಾನು ಜೀವದಿಂದಿದ್ದೇನೆ ಎಂಬ ಒಂದು ಮಾತು ಅವಳ ಕಿವಿಗೆ ಬೀಳಬೇಕು. ನನಗೆ ಬೇರೆ ಏನೂ ಬೇಡವಾಗಿತ್ತು.

ಅಷ್ಟರಲ್ಲಿ ಪಕ್ಕದ ಮನೆಯ ಜಯಂತಿ ಅಕ್ಕನಿಗೂ ಅವರ ಗಂಡನಿಗೂ ಬಸ್ಸಿನಲ್ಲಿ ಜಾಗ ಸಿಕ್ಕಿತು. ಬಾಗ್ದಾದ್ ದಾಟಿ ಅಮ್ಮಾನ್, ಅಲ್ಲಿಂದ ಬೊಂಬಾಯಿಗೆ ವಿಮಾನ. ಎಲ್ಲರೂ ವಿಳಾಸದ ಚೀಟಿ ಹಿಡಿದು ಅವರ ಮನೆ ಬಾಗಿಲಿಗೆ ಓಡಿದೆವು. ಆದರೆ ದಾರಿಯ ತಪಾಸಣೆಯಲ್ಲಿ ಸೈನಿಕರು ಕಾಗದ ಕಂಡರೆ ಹರಿದು ಹಾಕುತ್ತಾರೆಂದು ಸುದ್ದಿ ಇತ್ತು. ಜಯಂತಿ ಅಕ್ಕ ಕುಂದಾಪುರದವರು. “ಹೆಸ್ರ್ ಎಷ್ಟ್ ಬೇಕಾರೂ ನೆನ್ಪ್ ಇಟ್ಕಂತೆ. ಇಷ್ಟೆಲ್ಲ ಮನಿ ಅಡ್ರೆಸ್ ನನ್ ತಲೆಯಗೆ ನಿಲ್ಲುದಿಲ್ಲ” ಎಂದು ಕಣ್ಣೀರು ಹಾಕಿದರು.

ಆಗ ನನ್ನ ತಲೆಗೆ ಹೊಳೆಯಿತು. “ಅಡ್ರೆಸ್ ಯಾಕೆ? ಹೆಸರು ಸಾಕು. ಬೊಂಬಾಯಿಯಿಂದ ದೆಹಲಿ ರೇಡಿಯೋಗೆ ಒಂದು ಫೋನು ಮಾಡಿ ಶೇಖರಣ್ಣನಿಗೆ ಮ್ಯಾಚಿನ ವರದಿ ಕೊಡಿ. ಅವರು ಓದ್ತಾರೆ. ಊರಲ್ಲಿ ಎಲ್ರೂ ಕೇಳ್ತಾರೆ.”

“ಯಾವ ಮ್ಯಾಚು?” ಎಂದರು ಸದಾನಂದ.

“ಏನಾದ್ರೂ ಸ್ಕೋರ್ ಹೇಳಿದ್ರಾಯ್ತು.”

ಮೂರ್ತಿಯವರು ತಲೆಯಾಡಿಸಿದರು. “ಆಗಲ್ಲ ಕಣ್ರೀ ವಾರಿಜಾ. ಆಡದ ಆಟ ಓದೋ ಮನುಷ್ಯ ಅಲ್ಲ ಅವನು. ಕೆದಕಿ ಕೆದಕಿ ಕೇಳ್ತಾನೆ. ಈ ಯಮ್ಮಂಗೆ ಸುಳ್ಳು ಹೇಳೋಕೂ ಬರಲ್ಲ.”

“ಹಾಗಾದ್ರೆ ಆಡುವಾ.”

“ಈ ಪರಿಸ್ಥಿತಿಯಲ್ಲಿ ಕ್ರಿಕೆಟ್ಟಾ? ನಿಂಗೆ ತಲೆ ಸರಿ ಉಂಟಾ?” ಎಂದು ಸದಾನಂದ ರೇಗಿದರು.

ನನಗೂ ರೇಗಿತು. “ನಿಮ್ಮ ಕೆಲಸ ತಕೊಂಡ್ರು, ಕಾರು ತಕೊಂಡ್ರು. ಶುಕ್ರವಾರ ನಮ್ದು. ಅದನ್ನು ನಾನು ಕೊಡುದಿಲ್ಲ.”

ಶುಕ್ರವಾರ ಬೆಳಗ್ಗೆ ಬೇಸ್‌ಮೆಂಟಿನಲ್ಲಿ ಪಂದ್ಯ. ಕಾರುಗಳೆಲ್ಲ ಕಳುವಾಗಿದ್ದರಿಂದ ಜಾಗಕ್ಕೇನೂ ಕೊರತೆ ಇರಲಿಲ್ಲ. ಆಡಲು ಬಾರದವರಿಗೂ ಒಂದೊಂದು ಕೆಲಸ ಹಂಚಿದೆವು. ನೀರು ಕೊಡುವವರು, ಚೆಂಡು ಹೆಕ್ಕುವವರು, ಮೆಟ್ಟಿಲ ಬಳಿ ಕಾವಲು ನಿಲ್ಲುವವರು. ಯಾರ ಹೆಸರೂ ಬಿಟ್ಟುಹೋಗಬಾರದಲ್ಲ. ನಾನು ಉಳಿದ ಮೈದಾವನ್ನೆಲ್ಲ ಸುರಿದೆ. ಮೊಸರಿರಲಿಲ್ಲ. ಹಾಲಿನ ಪುಡಿಗೆ ಲಿಂಬೆ ಹಿಂಡಿ ಹುಳಿ ಮಾಡಿ ಗೋಳಿಬಜೆ ಕಾಯಿಸಿದೆ. ಇರುವ ಹಿಟ್ಟನ್ನು ಹೀಗೆ ಹಾಳು ಮಾಡುತ್ತಾರೆಯೇ ಎಂದು ಯಾರೋ ಗೊಣಗಿದರು. ವಾರಿಜಾ ಎಂಬ ಹೆಸರು ನಮ್ಮ ಕಡೆ ಮನೆಗೊಂದು. ಗೋಳಿಬಜೆ ಎಂದರೆ ಮಾತ್ರ ಅದು ನಾನೇ ಎಂದು ಅಮ್ಮನಿಗೆ ತಿಳಿಯುತ್ತದೆ. ಗೊಣಗುವವರಿಗೆ ಇದನ್ನೆಲ್ಲ ವಿವರಿಸುವ ತಾಳ್ಮೆ ನನಗಿರಲಿಲ್ಲ.

ಬಜೆಯ ಪಾತ್ರೆ ಹೊತ್ತು ನಾನು ಕೆಳಗೆ ಬರುವುದಕ್ಕೂ ಇಬ್ಬರು ಸೈನಿಕರು ಒಳಗೆ ಬರುವುದಕ್ಕೂ ಸರಿಹೋಯಿತು. ಸಬ್ಹಾನಿನವರ ಸರದಿ ಮುಗಿದು ರಿಗ್ಗೈಯವರು ಆಡುತ್ತಿದ್ದರು. ಸೈನಿಕರಲ್ಲಿ ಒಬ್ಬ ಸದಾನಂದರ ಕೈಯಿಂದ ಬ್ಯಾಟು ಕಿತ್ತುಕೊಂಡ. ತಿರುಗಿಸಿ ನೋಡಿದ, ಕಂಬಕ್ಕೆ ಬಡಿದು ನೋಡಿದ. ಅದರೊಳಗೆ ಏನಿದೆ ಎಂದುಕೊಂಡನೋ! ನಾವೆಲ್ಲ ಗೋಡೆಗೆ ಒತ್ತಿ ನಿಂತಿದ್ದೆವು. ಬಜೆಯ ಪಾತ್ರೆ ನನ್ನ ಕೈಯಲ್ಲೇ ಇತ್ತು. ತುಂಬ ಹೊತ್ತು ಮೂಲೆ ಮೂಲೆ ತಡಕಾಡಿದ ಮೇಲೆ ಅವನು ಬ್ಯಾಟನ್ನು ಕಂಕುಳಲ್ಲಿ ಇಟ್ಟುಕೊಂಡು, ನಮ್ಮತ್ತ ಕೈ ಬೀಸಿ, “ಖಲಾಸ್” ಎಂದು ಹೇಳಿ ಹೊರಟುಹೋದ.

ಅವರ ಬೂಟಿನ ಸದ್ದು ದೂರವಾಯಿತು. ಹುಡುಗರು ಸ್ಟಂಪಿಗೆ ಇಟ್ಟಿದ್ದ ಡಬ್ಬಿಗಳನ್ನು ಎತ್ತತೊಡಗಿದರು. ನನಗೆ ಎಲ್ಲಿಂದ ಅಷ್ಟು ಸಿಟ್ಟು ಬಂತೋ!

“ಎಂತ ಮಾಡ್ತಿದ್ದೀರಿ? ಖಲಾಸ್ ಹೇಳ್ಲಿಕ್ಕೆ ಅವ ಯಾರು? ಅದನ್ನು ಹೇಳುದು ಅಂಪೈರ್. ಮೂರ್ತಿ ಸರ್, ನೀವು ಹೇಳಿದ್ರಾ?”

ಮೂರ್ತಿಯವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. “ನಾನು ಹೇಳಿಲ್ಲ ಕಣ್ರೀ” ಎಂದರು. ಆಮೇಲೆ ಹುಡುಗರತ್ತ ತಿರುಗಿ, “ಡಬ್ಬಿ ಇಡ್ರೋ. ಪ್ಲೇ!” ಎಂದರು.

ನಾನು ಮೇಲೆ ಓಡಿ ಅಡುಗೆಮನೆಯ ಕಪಾಟಿನ ಹಲಗೆ ಕಿತ್ತು ತಂದೆ. ಅದರಲ್ಲೇ ಆಡಿದರು. ಕೊನೆಯ ಓವರಿನಲ್ಲಿ ಸದಾನಂದ ಔಟಾಗಿ ರಿಗ್ಗೈ ನಾಲ್ಕು ರನ್ನಿನಿಂದ ಸೋತಿತು. ಹಲಗೆ ಸರಿ ಇರಲಿಲ್ಲ ಎಂದು ಅವರು ಈಗಲೂ ವಾದಿಸುತ್ತಾರೆ. ಜಯಂತಿ ಅಕ್ಕ ಮೂಲೆಯಲ್ಲಿ ಕುಳಿತು ಒಂದೊಂದೇ ಹೆಸರನ್ನು ಭಜನೆಯ ಹಾಗೆ ಬಾಯಿಪಾಠ ಮಾಡಿದರು. ಮರುದಿನ ಬಸ್ಸು ಹತ್ತುವಾಗಲೂ ಅವರ ತುಟಿ ಅಲ್ಲಾಡುತ್ತಿತ್ತು.

ಆಮೇಲೆ ಕಾಯುವುದೇ ಕೆಲಸ. ದಿನಾ ಸಂಜೆ ನಮ್ಮ ಕೋಣೆ ತುಂಬ ಜನ. ದಿನಾ ಟೆನಿಸ್, ಹಾಕಿ, ಹವಾಮಾನ, ಮುಗಿಯಿತು. ಜಯಂತಿ ಅಕ್ಕ ತಲುಪಿದರೋ ಇಲ್ಲವೋ. “ಅವರು ಓದ್ತಾರಾ? ದೊಡ್ಡ ಜನ” ಎಂದು ಒಬ್ಬ ಹುಡುಗ ಅಂದ. ನಾನೇ ಅವರಿಗೆ ಬೈದವಳು, ಆದರೂ ಅವನಿಗೆ ಬಾಯಿ ಮುಚ್ಚಲು ಹೇಳಿದೆ. ನಮ್ಮವರನ್ನು ನಾನು ಬೈಯಬಹುದು, ಮಂದಿ ಬೈದರೆ ತಡೆಯಲಾಗುವುದಿಲ್ಲ.

ಒಂದು ಸಂಜೆ ಹಾಕಿಯ ಸುದ್ದಿ ಮುಗಿದ ಮೇಲೂ ಶೇಖರಣ್ಣನ ಸ್ವರ ಮುಂದುವರಿಯಿತು. ಆಮೇಲೆ ಅದೇ ಇಸ್ತ್ರಿ ಹಾಕಿದ ಇಂಗ್ಲಿಷಿನಲ್ಲಿ ಓದಿದರು: ಕುವೈತಿನ ರಿಗ್ಗೈಯಲ್ಲಿ ನಡೆದ ಪಂದ್ಯದಲ್ಲಿ ಸಬ್ಹಾನ್ ತಂಡ ರಿಗ್ಗೈ ತಂಡವನ್ನು ನಾಲ್ಕು ರನ್ನುಗಳಿಂದ ಸೋಲಿಸಿತು. ಆಡಿದವರು ಇಂತಿಂಥವರು. ಒಂದು ಹೆಸರನ್ನೂ ಬಿಡಲಿಲ್ಲ. ಹೆಸರಿನ ಹಿಂದೆ ಊರನ್ನೂ ತಾವೇ ಸೇರಿಸಿದ್ದರು. ಕಾಪುವಿನವನು, ಬೈಂದೂರಿನವನು, ಮೂಲ್ಕಿಯವನು. ಹೆಸರು ಬಂದ ಹಾಗೆ ಒಬ್ಬೊಬ್ಬರೇ ಎದ್ದು ನಿಲ್ಲುತ್ತಿದ್ದರು. ನೀರು ಕೊಟ್ಟವರು ಬಂದರು, ಮೆಟ್ಟಿಲು ಕಾದವರು ಬಂದರು, ಅಂಪೈರ್ ಮೈಸೂರಿನ ಮೂರ್ತಿಯವರು ಬಂದರು. ಕೊನೆಗೆ, ಕಟಪಾಡಿಯ ವಾರಿಜಾರ ಗೋಳಿಬಜೆ ಬಿಸಿಯಾಗಿತ್ತು. ಗೋಳಿಬಜೆ ಎಂದೇ ಹೇಳಿದರು. ತಡವರಿಸಲಿಲ್ಲ, ಇಂಗ್ಲಿಷಿನಲ್ಲಿ ಅರ್ಥವನ್ನೂ ಹೇಳಲಿಲ್ಲ. ಕೇಳುವ ದೇಶ ಬೇಕಾದರೆ ಕಲಿತುಕೊಳ್ಳಲಿ ಎಂಬಂತೆ. ನಾನು ಸೆರಗು ಬಾಯಿಗೆ ಒತ್ತಿ ಅತ್ತೆ.

ಅಕ್ಟೋಬರಿನಲ್ಲಿ ನಮಗೂ ಬಸ್ಸು ಸಿಕ್ಕಿತು. ಊರಿಗೆ ಬಂದ ಮೇಲೆ ಗೊತ್ತಾಯಿತು, ಆ ಸಂಜೆ ಟೈಲರ್ ಕುತ್ತಿಗೆಗೆ ಅಳತೆ ಟೇಪು ನೇತಾಡಿಸಿಕೊಂಡೇ ನಮ್ಮ ಮನೆಗೆ ಓಡಿದ್ದನಂತೆ. “ಅಮ್ಮಾ, ನಿಮ್ಮ ಮಗಳು ಬಜೆ ಕಾಯಿಸಿದ್ದಾಳಂತೆ!” ವಾರಗಟ್ಟಲೆ ಮಾತೇ ಆಡದಿದ್ದ ಅಮ್ಮ, ಅಲ್ಲಿ ಅವಳಿಗೆ ಮೈದಾ ಎಲ್ಲಿಂದ ಸಿಕ್ಕಿತು ಎಂದು ಕೇಳಿ, ಎದ್ದು ಹೋಗಿ ಗಂಜಿ ಬಡಿಸಿಕೊಂಡಳಂತೆ.

ಶೇಖರಣ್ಣನಿಗೆ ಮೇಲಿನವರು ಚೆನ್ನಾಗಿ ಬೈದರಂತೆ, ಇದು ಯಾವ ಮಟ್ಟದ ಪಂದ್ಯ ಎಂದು. “ನನಗೆ ಗೊತ್ತಿರುವುದರಲ್ಲಿ ಅತಿ ದೊಡ್ಡದು” ಎಂದು ಇವರು ಹೇಳಿದರಂತೆ. ಸ್ವಲ್ಪ ಕಾಲ ಅವರನ್ನು ಮೈಕಿನಿಂದ ದೂರ ಇಟ್ಟಿದ್ದರು.

1991ರಲ್ಲಿ ಅವರು ರಜೆಯಲ್ಲಿ ಊರಿಗೆ ಬಂದಾಗ ನಮ್ಮ ಮನೆಗೂ ಬಂದರು. ಆ ಹಳೆಯ ಹಾರ ಕುವೈತಿನಲ್ಲೇ ಉಳಿದಿತ್ತು. ನಾನು ಮಲ್ಲಿಗೆ ತರಿಸಿ ಹಾರ ಮಾಡಿಸಿದ್ದೆ. ಕ್ಷಮೆ ಕೇಳುತ್ತಾಳೆಂದು ಸದಾನಂದ ಕಾದು ನಿಂತಿದ್ದರು. ನಾನು ಕೇಳಲಿಲ್ಲ. ಬಿಟ್ಟು ಹೋದದ್ದಕ್ಕೆ ಸಿಟ್ಟು ನಿಜ, ಇಂದಿಗೂ ಇದೆ. ಹಾರ ಹಾಕುತ್ತೇನೆ ಎಂದದ್ದೂ ನಿಜ. ಎರಡನ್ನೂ ನಡೆಸಿದೆ.

ಹಾರ ಹಾಕಿಸಿಕೊಂಡ ಶೇಖರಣ್ಣ ದನಿ ತಗ್ಗಿಸಿ ಕೇಳಿದರು, “ಸತ್ಯ ಹೇಳು ವಾರಿಜಾ. ಅವತ್ತು ಬಜೆ ಬಿಸಿ ಇತ್ತಾ?”

“ಎಲ್ಲಿಂದ ಬಿಸಿ? ಆ ಸೈನಿಕರ ಗಲಾಟೆಯಲ್ಲಿ ಪೂರಾ ತಣಿದಿತ್ತು.”

ಅವರ ಮುಖ ಸಣ್ಣದಾಯಿತು. “ಹಾಗಾದ್ರೆ ನಾನು ದೇಶಕ್ಕೇ ಸುಳ್ಳು ಓದಿದ ಹಾಗಾಯ್ತಲ್ಲ!”

“ಆಯ್ತಲ್ಲ, ಎಂತ ಮಾಡುದು?” ಎಂದೆ. “ಎಣ್ಣೆ ಕಾದಿದೆ. ಕೂತ್ಕೊಳ್ಳಿ, ನಿಜ ಮಾಡಿ ಕಳಿಸ್ತೇನೆ.”