ಶೌಕತ್ ಖಾನುಂ ಅವರ ಮೂಗು ಮತ್ತು ಸೀದ ಪನ್ನೀರು

ಕಮ್ಸರ್ ಊರಿನಲ್ಲಿ ಹಂಡೆಯಲ್ಲಿ ಹೂ ಬೇಯಿಸಿ ಗುಲಾಬಿ ಪನ್ನೀರು ಇಳಿಸುವವರು ಮನೆಗೊಬ್ಬರಿದ್ದರು. ಶೌಕತ್ ಖಾನುಂ ಅವರದಂಥ ಮೂಗು ಮಾತ್ರ ಊರಿಗೊಂದೇ. ಹೂವಿನ ಬುಟ್ಟಿಗೆ ಮುಖವಿಟ್ಟು, "ಇದು ಕಾಲುವೆ ಆಚೆ ತೋಟದ್ದು. ಬಿಸಿಲೇರಿದ ಮೇಲೆ ಕಿತ್ತಿದಾರೆ ಸೋಮಾರಿಗಳು" ಎಂದುಬಿಡುವರು. ಮದುವೆಯಾಗಿ ಬಂದ ಹೊಸದರಲ್ಲಿ ಸೊಸೆ ಫರಂಗೀಸ್ ನಂಬದೆ, ಎರಡು ತೋಟದ ಹೂ ಬೆರೆಸಿ ಪರೀಕ್ಷೆಗಿಟ್ಟಳು. ಅತ್ತೆ ಎರಡನ್ನೂ ಹೇಳಿ, "ಮೂರನೇದು ಯಾರದಮ್ಮ?" ಎಂದು ಕೇಳಿದರು. ಸೊಸೆ ತಲೆವಸ್ತ್ರಕ್ಕೆ ಸಿಕ್ಕಿಸಿಕೊಂಡಿದ್ದ ಅಂಗಳದ ಹೂ ಅವಳಿಗೇ ತಿಳಿಯದಂತೆ ಬುಟ್ಟಿಗೆ ಬಿದ್ದಿತ್ತು.

ಕಳೆದ ಹೂವಿನ ಕಾಲದ ಕೊನೆಗೆ ತಾಮ್ರದ ಹಂಡೆಯ ಮುಚ್ಚಳ ಆವಿಗೆ ಸಿಡಿದು, ಹೋಗಿ ಹೋಗಿ ಆ ಮೂಗಿಗೇ ಬಡಿಯಿತು. ಮೂಳೆ ಮುರಿದು, ಹೊಳ್ಳೆಗಳ ನಡುವಿನ ಗೋಡೆ ಸೊಟ್ಟಗಾಯಿತು. ಗಾಯ ಒಣಗುತ್ತಲೇ ಕೊನೆಯ ಹಂಡೆಯನ್ನು ಹಟ ಹಿಡಿದು ತಾವೇ ಇಳಿಸಿ, ಊರಿಗೆಲ್ಲ ಶೀಸೆ ಹಂಚಿದರು. "ಅದ್ಭುತ! ನಿಮ್ಮ ಕೈ ನೋಯದಿರಲಿ" ಎಂದಿತು ಊರು. ಫರಂಗೀಸಳೂ ಹಾಗೇ ಅಂದಳು, ಅಂದು ಕಣ್ಣು ತಪ್ಪಿಸಿದಳು.

ಶಸ್ತ್ರಚಿಕಿತ್ಸೆಯಾದರೆ ಉಸಿರೂ ವಾಸನೆಯೂ ಮರಳಬಹುದು ಎಂದರು ಡಾಕ್ಟರು. ಅದು ಆಗಬೇಕಾದರೆ ವಿಮೆಯವರು ಒಪ್ಪಬೇಕು. ಅವರಿಗೋ ಮೂಗೆಂದರೆ ಸಂಶಯ. ಹುಡುಗಿಯರು ಚಂದಕ್ಕೆ ಮೂಗು ಕೊಯ್ಸಿಕೊಂಡು, ಗಾಯದ ಮೇಲಿನ ಪಟ್ಟಿಯನ್ನು ಒಡವೆಯಂತೆ ಮೆರೆಸುತ್ತ ತಿರುಗುವ ದೇಶವಲ್ಲವೇ? ವಿಮೆಯ ಪರೀಕ್ಷಕ, "ಏನಮ್ಮ ತೊಂದರೆ?" ಎಂದು ಕೇಳಿದ. ದೊಡ್ಡ ಮನುಷ್ಯರೆದುರು ಗೋಳು ತೋಡಿಕೊಳ್ಳುವುದುಂಟೇ? "ಏನಿಲ್ಲಪ್ಪ, ನಿನ್ನ ಮುಖ ನೋಡಿದ್ದಕ್ಕೇ ಅರ್ಧ ವಾಸಿ ಆಯ್ತು" ಎಂದರು ಶೌಕತ್ ಖಾನುಂ. ಅವನು ಬರೆದುಕೊಂಡ: ತೊಂದರೆ ಇಲ್ಲ, ಚಂದಕ್ಕಾಗಿ. ಅರವತ್ತೊಂದರ ಹೆಂಗಸಿಗೆ ಚಂದವಂತೆ!

ಅರ್ಜಿ ಬಿದ್ದುಹೋಯಿತು. ಇನ್ನುಳಿದದ್ದು ಕಾಶಾನ್ ಪಟ್ಟಣದಲ್ಲಿ ಮೇಲ್ಮನವಿ ಕೇಳುವ ಮೂವರು ವೈದ್ಯರ ಮಂಡಳಿ. ಅಲ್ಲೂ ಇಲ್ಲವೆಂದರೆ ಆ ಮೂಗಿನ ಕಥೆ ಮುಗಿದಂತೆ. ಬಸ್ಸಿನಲ್ಲಿ ಫರಂಗೀಸ್ ಕೈ ಹಿಡಿದು ಬೇಡಿದಳು. "ಅಮ್ಮ, ಇವತ್ತೊಂದಿನ ಉಪಚಾರದ ಮಾತು ಬೇಡ. ಇದ್ದದ್ದು ಹೇಳಿ."

"ನಾನೇನು ಮಗುವಾ?"

ಒಳಗೆ ಹೋದದ್ದೇ ಅತ್ತೆ, ಬರಿಗೈಯಲ್ಲಿ ಬರಬಾರದೆಂದು ತಂದಿದ್ದ ಶೀಸೆಯನ್ನು ಮೇಜಿನ ಮೇಲಿಟ್ಟರು. ಆ ಕೊನೆಯ ಹಂಡೆಯದೇ. ಹಿರಿಯ ವೈದ್ಯ ಮೂಗಿನ ಎಕ್ಸ್‌ರೇ ನೋಡಿ, "ಮೂಳೆ ಸೊಟ್ಟಗಿದೆ. ಆದರೆ ಸೊಟ್ಟ ಮೂಗಲ್ಲೇ ಆರಾಮಾಗಿರೋರು ಲಕ್ಷ ಜನ ಇದಾರೆ. ನಿಮಗೆ ತೊಂದರೆ ಇದೆಯಾ?" ಎಂದ.

"ಅಯ್ಯೋ, ನನ್ನಿಂದ ನಿಮಗೇ ತೊಂದರೆ. ಮೊದಲು ಇದರ ವಾಸನೆ ನೋಡಿ."

ಅವನು ಬಿರಡೆ ತೆಗೆದು ಮೂಸಿದ. ಹುಬ್ಬು ಗಂಟಿಕ್ಕಿತು. "ಭೇಷ್, ಕಮ್ಸರ್ ಅಂದ್ರೆ ಕಮ್ಸರೇ" ಎಂದು ಪಕ್ಕದವನಿಗೆ ದಾಟಿಸಿದ. ಅವನೂ ಕೆಮ್ಮಿ, "ಅದ್ಭುತ" ಎಂದ.

ಫರಂಗೀಸ್ ಎದ್ದು ನಿಂತಳು. "ಡಾಕ್ಟ್ರೇ, ಸುಳ್ಳು ಯಾಕೆ? ಅದು ಸೀದು ಹೋಗಿದೆ."

ಶೌಕತ್ ಖಾನುಂ ನಿಧಾನವಾಗಿ ತಿರುಗಿದರು. "ಸೀದಿದೆಯಾ?"

"ಹೌದಮ್ಮ. ತಳ ಹಿಡಿದಿತ್ತು. ಇಡೀ ಊರಿಗೆ ಗೊತ್ತು. ನಿಮಗೆ ಹೇಳೋ ಧೈರ್ಯ ಯಾರಿಗೂ ಬರಲಿಲ್ಲ. ನನಗೂ."

ಆ ಮುಖ ನೋಡಲಾರದೆ ಫರಂಗೀಸ್ ನೆಲ ನೋಡಿದಳು. ಅತ್ತೆ ತಲೆ ಮೇಲಿನ ಚಾದರ ಸರಿಪಡಿಸಿಕೊಂಡು ವೈದ್ಯರತ್ತ ಹೊರಳಿದರು. "ನಲವತ್ತು ವರ್ಷದಲ್ಲಿ ಒಂದು ಹಂಡೆನೂ ಸೀಯಿಸಿರಲಿಲ್ಲ ನಾನು. ಬರ್ಕೊಳ್ಳಿ. ನನಗೆ ಉಸಿರಾಡಕ್ಕಾಗಲ್ಲ. ಹೂವಿಗೂ ಹುಲ್ಲಿಗೂ ವ್ಯತ್ಯಾಸ ಗೊತ್ತಾಗಲ್ಲ. ನಾನು ಸತ್ತ ಹಾಗೇ ಇದೀನಿ."

ಹಿರಿಯ ವೈದ್ಯ ಎರಡನೇ ಮಾತಿಲ್ಲದೆ ಒಪ್ಪಿಗೆ ಬರೆದ.

ಆಮೇಲೆ ಅತ್ತೆ ಸೊಸೆಯೊಂದಿಗೆ ಮಾತು ಬಿಟ್ಟರು. ಬಸ್ಸಿನಲ್ಲಿಲ್ಲ, ಮನೆಯಲ್ಲಿಲ್ಲ, ಆಸ್ಪತ್ರೆಯಲ್ಲೂ ಇಲ್ಲ. ಫರಂಗೀಸ್ ಒಳಗೊಳಗೇ ಬೆಂದಳು. ಶಸ್ತ್ರಚಿಕಿತ್ಸೆ ಮುಗಿದು, ಬಾವು ಇಳಿದು, ಗಿಡಗಳಲ್ಲಿ ಮೊಗ್ಗು ಒಡೆಯತೊಡಗಿದ ಒಂದು ಬೆಳಿಗ್ಗೆ ಅತ್ತೆಯೇ ಕೂಗಿ ಕರೆದರು. "ಆ ಹಾಳು ಹಂಡೆದು ಇನ್ನೊಂದು ಶೀಸೆ ಉಳಿದಿದೆಯಲ್ಲ, ತಾ."

ತಂದುಕೊಟ್ಟಳು. ಅತ್ತೆ ಬಿರಡೆ ಕಿತ್ತು, ಕಣ್ಣು ಮುಚ್ಚಿ, ಮೂಗಿನಿಂದ ಉಸಿರೆಳೆದುಕೊಂಡರು. ಗಲ್ಲದ ಮೇಲೆ ನೀರಿಳಿಯಿತು.

"ಸೀದಿದೆ ಕಣೇ! ದೇವರೇ, ಎಷ್ಟು ಚೆನ್ನಾಗಿ ಸೀದಿದೆ! ಬಾದಾಮಿ ಸೌದೆ ಹೊಗೆ, ತಾಮ್ರದ ಕಿಲುಬು, ಅದರಡಿಗೆ ಕಾಲುವೆ ಆಚೆ ತೋಟದ ಹೂ..."

ಮೂಗು ಮರಳಿತ್ತು. ಶೌಕತ್ ಖಾನುಂ ಶೀಸೆಯನ್ನು ಫರಂಗೀಸಳ ಮೂಗಿಗೆ ಹಿಡಿದರು.

"ಈಗ ಹೇಳು, ಹೇಗಿದೆ?"

"ಗಬ್ಬು ನಾರ್ತಿದೆ ಅಮ್ಮ."

ಅತ್ತೆ ಅವಳನ್ನು ಬಾಚಿ ತಬ್ಬಿಕೊಂಡರು.