ಕ್ಯಾರಲ್‌ರ ಊರಿನ ಕೋಟೆ

2022ರ ಜೂನ್ 11ರಂದು ನನ್ನ ಡೈರಿಯಲ್ಲಿ ಬರೆದಿದ್ದೇನೆ: “ಜರ್ಮನಿಯ ಹಳ್ಳಿ. ಎಪ್ಪತ್ತೊಂದು ಮನೆ, ಒಂದು ಚರ್ಚು, ಒಂದು ಕೆರೆ, ಸುತ್ತಲೂ ಗೋಧಿ ಹೊಲ. ಬೆಟ್ಟವಿಲ್ಲ. ಕೋಟೆ ಎಂದೂ ಇರಲಿಲ್ಲವೆಂದು ಪಾದ್ರಿ ಹೇಳಿದರು.”

ಅದು ಅಮೆರಿಕದ ರಾಲಿಯಲ್ಲಿರುವ ನಮ್ಮ ಪಕ್ಕದ ಮನೆಯ ಕ್ಯಾರಲ್‌ರ ಮುತ್ತಜ್ಜನ ಊರು. ಪ್ರತಿ ಶನಿವಾರ ಆಪಲ್ ಕೇಕ್ ಕೊಡುವ ಗೆಳತಿಗೋಸ್ಕರ, ಮಗಳ ಜೊತೆ ಪ್ರವಾಸ ಹೋದಾಗ ದಾರಿ ಬದಲಿಸಿ ನೋಡಿಬಂದಿದ್ದೆ. ಕ್ಯಾರಲ್ ಮಾತ್ರ ಅದನ್ನು ಕಂಡವರಲ್ಲ. ಆದರೂ ಆ ಚಳಿಗಾಲ ಲೈಬ್ರರಿಯಲ್ಲಿ ಅದರ ಚರಿತ್ರೆ ಹೇಳಲು ನಿಂತರು. ಬೆಟ್ಟದ ತುದಿಯಲ್ಲಿ ಕೋಟೆಯಂತೆ, ಮುತ್ತಜ್ಜ ಅದರ ಕಾವಲಿನ ನಾಯಕನಂತೆ.

ಭೂಗೋಳದಲ್ಲಿ ಎಂ.ಎ. ಮಾಡಿದವಳು ಸುಮ್ಮನೆ ಕೂರುವುದು ಹೇಗೆ? ಕೈ ಎತ್ತಿದೆ.

“ಅಲ್ಲಿ ಬೆಟ್ಟವೇ ಇಲ್ಲ, ಕ್ಯಾರಲ್. ಚರ್ಚಿನ ದಾಖಲೆ ಪುಸ್ತಕದಲ್ಲಿ ನಿಮ್ಮ ಮುತ್ತಜ್ಜ ಹಂದಿ ಕಾಯುವವರು.”

“ಅಮ್ಮ, ಪ್ಲೀಸ್, ಕೂತ್ಕೋ,” ಎಂದು ಮಗಳು ಸೆರಗು ಎಳೆದಳು.

ಕ್ಯಾರಲ್ ನಕ್ಕರು. “ಸರಿ. ನಿಮ್ಮ ಗಂಡನ ಊರಿನಲ್ಲಿ ಎಷ್ಟು ಮನೆ?”

ನಲವತ್ತು ವರ್ಷದಿಂದ ಹೋಗಿಬರುವ ಊರು. ಒಮ್ಮೆಯೂ ಎಣಿಸಿಲ್ಲ.

“ಸಾವಿರ ಇರಬಹುದು,” ಎಂದೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. “ಒಂದು ಅರಮನೆಯೂ ಇದೆ.”

“ಯಾವ ಅರಮನೆ ಅಮ್ಮ?” ಮಗಳು ಎಲ್ಲರಿಗೂ ಕೇಳುವಂತೆ ಇಂಗ್ಲಿಷಿನಲ್ಲೇ ಕೇಳಿದಳು.

ಆ ಸಂಜೆ ಕಳೆದುಕೊಂಡದ್ದು ಇಷ್ಟು: ಅವರ ಕೋಟೆ, ನಮ್ಮ ಅರಮನೆ, ಮತ್ತು ಶನಿವಾರದ ಕೇಕ್. ಡೈರಿಯಲ್ಲಿ ಕೇಕನ್ನು ಮಾತ್ರ ಬರೆದಿದ್ದೇನೆ.